ಚಿರೆಕಲ್ಲಿನ ಗೋಡೆಗೆ ಎರಡು ಸಲ ಎಸಿ ಕೂರಿಸಿದ್ದು

ರಾತ್ರಿ ಎರಡೂವರೆಗೆ ಆಯಿ (ನನ್ನ ಅಮ್ಮ) ನನ್ನನ್ನು ಎಬ್ಬಿಸಿದಳು. "ಹಂಚು ಸೋರ್ತಾ ಇದೆ, ಎದ್ದು ಪಾತ್ರೆ ಇಡು" ಎಂದಳು. ಮೇ ತಿಂಗಳ ಮೊದಲ ವಾರ. ಹೊರಗೆ ಒಂದು ಹನಿ ಮಳೆ ಇಲ್ಲ.

ಲೈಟ್ ಹಾಕಿ ನೋಡಿದೆ. ಸೋರುತ್ತಿದ್ದದ್ದು ಎಸಿ. ಅದರ ಬಲ ಮೂಲೆಯಿಂದ ನೀರು ಟಪ್ ಟಪ್ ಬೀಳುತ್ತಿತ್ತು. ಕೆಳಗೆ ಸುಣ್ಣ ಉಬ್ಬಿತ್ತು. ಕೆಂಪು ನೀರಿನ ಗೆರೆಯೊಂದು ಆಯಿಯ ದಿಂಬಿನವರೆಗೆ ಇಳಿದಿತ್ತು. ಸ್ಟೂಲ್ ಹತ್ತಿ ಮುಟ್ಟಿದರೆ ಪೆಟ್ಟಿಗೆಯ ಮೇಲ್ಭಾಗ ಗೋಡೆಯಿಂದ ಒಂದು ಬೆರಳಷ್ಟು ಈಚೆ ಬಂದಿದೆ! ಸಂದಿನಲ್ಲಿ ಬೆರಳು ಆಡಿಸಿದೆ. ಕೆಂಪು ಪುಡಿ ಉದುರಿತು. ಕೂಡಲೇ ಸ್ವಿಚ್ ಆಫ್ ಮಾಡಿ ಮಂಚವನ್ನು ಎದುರು ಗೋಡೆಗೆ ಎಳೆದೆ. 12 ಕೆ.ಜಿ. ತೂಕದ ಪೆಟ್ಟಿಗೆ 72 ವರ್ಷದ ಆಯಿಯ ತಲೆಯ ನೇರಕ್ಕೆ ನೇತಾಡುತ್ತಿತ್ತು. ಆಯಿ ಮಾತ್ರ ಮತ್ತೆ ಮಲಗಿ ಗೊರಕೆ ಹೊಡೆದಳು. ನನಗೆ ಬೆಳಗಿನವರೆಗೆ ನಿದ್ದೆ ಇಲ್ಲ.

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿದೆ. ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಸಮುದ್ರ. ಅಜ್ಜನ ಕಾಲದ ಹಂಚಿನ ಮನೆ, ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ, ಮೇಲೆ ಹಲಗೆಯ ಅಟ್ಟ. ಗಾಳಿಗೆ ಕೊರತೆ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಏಪ್ರಿಲ್‌ನಲ್ಲಿ ರಾತ್ರಿ ಬಂದು ಮಲಗಿ ನೋಡಿ. ಗಾಳಿ ನಿಂತೇ ಹೋಗುತ್ತದೆ. ಬೆವರು ಆರುವುದೇ ಇಲ್ಲ. ಶಿರಸಿಯ ಭಾವ ಫೋನಿನಲ್ಲಿ "ಎಸಿ ಎಂತಕ್ಕೆ, ಆಯಿನ ಇಲ್ಲಿಗೆ ಕಳ್ಸು" ಎಂದರು. ಘಟ್ಟದ ಮೇಲೆ ಕೂತವರಿಗೆ ಹಾಗೆ ಹೇಳುವುದು ಸುಲಭ. ಆಯಿ ತನ್ನ ಮನೆ, ತನ್ನ ತುಳಸಿಕಟ್ಟೆ ಬಿಟ್ಟು ಎಲ್ಲಿಗೂ ಹೋಗುವವಳಲ್ಲ. ಹಾಗಾಗಿ ಶಾಲೆಗೆ ರಜೆ ಶುರುವಾದ ವಾರವೇ ಎಸಿ ತಂದೆ. ಒಂದೂವರೆ ಟನ್ನಿನ ಇನ್ವರ್ಟರ್ ಎಸಿ. ಟನ್ ಎಂದರೆ ಇಲ್ಲಿ ತೂಕ ಅಲ್ಲ, ತಂಪು ಮಾಡುವ ಶಕ್ತಿಯ ಅಳತೆ.

ಕೂರಿಸಲು ಅಂಗಡಿಯವರು ಇಬ್ಬರು ಹುಡುಗರನ್ನು ಕಳಿಸಿದ್ದರು. ಅವರಿಗೆ ಆ ದಿನ ಇನ್ನೂ ನಾಲ್ಕು ಮನೆ ಇತ್ತಂತೆ. 40 ನಿಮಿಷದಲ್ಲಿ ಕೆಲಸ ಮುಗಿಯಿತು. ನಾನು ಅಡುಗೆಮನೆಯಲ್ಲಿ ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಗೋಡೆಯಲ್ಲಿ ತೂತು ಆಗಿತ್ತು. ಎಷ್ಟು ಬೇಗ ಮಾಡಿದರು ಎಂದು ಖುಷಿಪಟ್ಟು ಇಬ್ಬರಿಗೂ ನೂರು ನೂರು ರೂಪಾಯಿ ಜಾಸ್ತಿ ಕೊಟ್ಟೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಮೂರು ವಾರ ಚೆನ್ನಾಗಿಯೇ ಇತ್ತು. ಆಮೇಲೆ ಆ ರಾತ್ರಿ.

ಅಂಗಡಿಗೆ ಫೋನ್ ಮಾಡಿದರೆ "ನಿಮ್ಮ ಗೋಡೆ ಸರಿ ಇಲ್ಲ ಮೇಡಂ" ಎಂಬ ಉತ್ತರ ಬಂತು. 60 ವರ್ಷದಿಂದ ಮಾಡನ್ನು ಹೊತ್ತು ನಿಂತ ಗೋಡೆ ಅದು. ಜಗಳ ಮಾಡುವ ಹುಮ್ಮಸ್ಸು ನನಗಿರಲಿಲ್ಲ. ಪರಿಚಯದವರು ಒಬ್ಬ ಹಿರಿಯ ಮೆಕ್ಯಾನಿಕ್ ಹೆಸರು ಹೇಳಿದರು. ಗೋವಾದ ಹೋಟೆಲುಗಳಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿ ಊರಿಗೆ ಮರಳಿದವರು. ಅವರ ಮಗಳು ಒಂದು ಕಾಲದಲ್ಲಿ ನನ್ನ ತರಗತಿಯಲ್ಲಿದ್ದಳು ಎಂದು ಆಮೇಲೆ ಗೊತ್ತಾಯಿತು. ಎರಡು ದಿನ ಬಿಟ್ಟು ಸ್ಕೂಟರಿನಲ್ಲಿ ಬಂದರು. ಕೈಯಲ್ಲಿ ಒಂದು ರಸಮಟ್ಟ, ಒಂದು ಸಣ್ಣ ಸುತ್ತಿಗೆ, ವೋಲ್ಟ್ ಅಳೆಯುವ ಒಂದು ಮೀಟರ್. ಬೇರೆ ಏನೂ ಇಲ್ಲ.

"ಅಕ್ಕೋರೆ, ಇವತ್ತು ಕೆಲಸ ಇಲ್ಲ. ನೋಡೋದು ಮಾತ್ರ" ಎಂದರು.

ಅವರು ನೋಡಿದ ರೀತಿ ನನಗೆ ಹಿಡಿಸಿತು. ಮೊದಲು ಗೋಡೆಯನ್ನು ಅಲ್ಲಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಕೆಲವು ಕಡೆ ಗಟ್ಟಿ ಸದ್ದು, ಕೆಲವು ಕಡೆ ಪೊಳ್ಳು ಸದ್ದು. ಆಮೇಲೆ ರಸಮಟ್ಟವನ್ನು ಎಸಿಯ ಮೇಲೆ ಇಟ್ಟರು. ಗುಳ್ಳೆ ಪೂರ್ತಿ ಎಡಕ್ಕೆ ಓಡಿತು. ಬಲಗಡೆ ತಗ್ಗಿದೆ ಎಂದು ಅರ್ಥ. ನೀರಿನ ಪೈಪ್ ಇದ್ದದ್ದು ಎಡಗಡೆಗೆ. ಹೊರಗೆ ಹೋಗಿ ಗೋಡೆಯ ತೂತಿಗೆ ಒಂದು ಪೆನ್ಸಿಲ್ ಇಟ್ಟರು. ಅದು ಉರುಳಿ ಒಳಗೆ ಹೋಯಿತು. "ನೋಡಿದ್ರಾ?" ಎಂದರು. ತೂತು ಹೊರಗಿನಿಂದ ಒಳಗೆ ಇಳಿಜಾರಾಗಿತ್ತು.

ಎಸಿಯಿಂದ ನೀರು ಯಾಕೆ ಬರುತ್ತದೆ ಎಂದು ನಾನು ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದ್ದೇನೆ. ಫ್ರಿಜ್ಜಿನಿಂದ ತೆಗೆದ ಮುರುಗಲ ಪಾನಕದ ಲೋಟದ ಹೊರಗೆ ಹನಿ ಕಟ್ಟುತ್ತದಲ್ಲ, ಅದೇ. ಒಳಗಿನ ತಣ್ಣನೆ ಸುರುಳಿಗೆ ತೇವದ ಗಾಳಿ ತಾಗುತ್ತದೆ, ನೀರಾಗುತ್ತದೆ, ಕೆಳಗಿನ ತಟ್ಟೆಗೆ ಬೀಳುತ್ತದೆ. ಅಲ್ಲಿಂದ ಅದನ್ನು ಹೊರಗೆ ಕಳಿಸಲು ಸಾಮಾನ್ಯವಾಗಿ ಪಂಪ್ ಗಿಂಪ್ ಇರುವುದಿಲ್ಲ. ಇಳಿಜಾರು ಒಂದೇ ಗತಿ. ಒಣ ಊರಿನಲ್ಲಾದರೆ ಇಳಿಜಾರು ತಪ್ಪಿದರೂ ಕೆಲ ದಿನ ಸಂಗತಿ ಮುಚ್ಚಿಹೋಗಬಹುದು. ಸಮುದ್ರದ ಪಕ್ಕದ ಗಾಳಿಯಲ್ಲಿ ಆಗುವುದಿಲ್ಲ. ಪಾಠ ಮಾಡಿದವಳಿಗೇ ತನ್ನ ಮನೆಯ ತೂತು ಯಾವ ಕಡೆ ಬಾಗಿದೆ ಎಂದು ನೋಡಬೇಕೆನಿಸಿರಲಿಲ್ಲ.

"ಹಂಚಿನ ಮಾಡಿಗೆ ಇಳಿಜಾರು ಇಡದೆ ಬಿಡ್ತೀರಾ?" ಎಂದರು ಮೆಕ್ಯಾನಿಕ್. "ಇದಕ್ಕೂ ಹಾಗೇ. ಹೊರಗಡೆ ಅರ್ಧ ಸೆಂಟಿಮೀಟರಿಂದ ಒಂದು ಸೆಂಟಿಮೀಟರ್ ತಗ್ಗು ಬೇಕು. ಇಲ್ದಿದ್ರೆ ಒಳಗಿನ ನೀರು ಹೊರಗೆ ಹೋಗಲ್ಲ. ಜೂನಲ್ಲಿ ಹೊರಗಿನ ಮಳೆ ಒಳಗೆ ಬರುತ್ತೆ." ಎರಡನೆಯದು ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ಮಳೆ ನೇರ ಬೀಳುವುದಿಲ್ಲ, ಸಮುದ್ರದ ಕಡೆಯಿಂದ ಓರೆಯಾಗಿ ಹೊಡೆಯುತ್ತದೆ.

ಪ್ಲಗ್ ಕಿತ್ತು ನೋಡಿದರು. ಒಂದು ಕಾಲು ಕಂದು ಬಣ್ಣಕ್ಕೆ ತಿರುಗಿತ್ತು. ಮಿಕ್ಸರ್, ಗ್ರೈಂಡರ್ ಹಾಕುವ ಹಳೆಯ ವೈರಿನಿಂದಲೇ ಎಸಿಗೂ ಕನೆಕ್ಷನ್ ಕೊಟ್ಟಿದ್ದರು. ಮೀಟರಿನ ಎರಡು ಕಡ್ಡಿಗಳನ್ನು ನ್ಯೂಟ್ರಲ್ ಮತ್ತು ಅರ್ಥ್ ತೂತಿಗೆ ಹಾಕಿದರು. 14 ವೋಲ್ಟ್ ತೋರಿಸಿತು. ಎರಡು ಮೂರಕ್ಕಿಂತ ಜಾಸ್ತಿ ಇರಬಾರದಂತೆ. ಹಿತ್ತಲಲ್ಲಿ ಅರ್ಥ್ ಗುಂಡಿ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಗುಂಡಿ) ಹುಡುಕಿದೆವು. ತಂತಿ ಉಪ್ಪುಗಾಳಿಗೆ ಸವೆದು ಪೈಪಿನಿಂದ ಬಿಟ್ಟೇ ಹೋಗಿತ್ತು. ಎಷ್ಟು ವರ್ಷದಿಂದಲೋ ಏನೋ. ಅಷ್ಟು ವರ್ಷ ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟಿದ್ದೇವೆ.

ಎಸಿಯ ಒಳಗಿನ ಮತ್ತು ಹೊರಗಿನ ಪೆಟ್ಟಿಗೆಗಳ ನಡುವೆ ಪೈಪಿನಲ್ಲಿ ಸುತ್ತಿ ತಂಪು ಮಾಡುವುದು ಒಂದು ಗ್ಯಾಸ್. ಕೊನೆಗೆ ಅದರ ಬಗ್ಗೆ ಒಂದು ಪ್ರಶ್ನೆ ಕೇಳಿದರು. "ಗ್ಯಾಸ್ ಬಿಡೋ ಮೊದಲು ಅವ್ರು ಪಂಪ್ ಹಚ್ಚಿ ಗಾಳಿ ತೆಗೆದ್ರಾ? ಅಥವಾ ನಟ್ ಸಡಿಲ ಮಾಡಿ ಸ್ಸ್ ಅಂತ ಬಿಟ್ರಾ?"

ಸ್ಸ್ ಎಂಬ ಸದ್ದು ನನಗೆ ನೆನಪಿತ್ತು. ಅವರು ತಲೆ ಕೊಡವಿದರು.

ಕೆಲಸಕ್ಕೆ ಎರಡು ದಿನ ಬೇಕು ಎಂದರು. ಹಣವೂ ಹುಡುಗರಿಗೆ ಕೊಟ್ಟದ್ದಕ್ಕಿಂತ ಬಹಳ ಜಾಸ್ತಿ. ಒಪ್ಪಿಕೊಂಡೆ. ಈ ಸಲ ಚಹಾ ಮಾಡಲು ಆಯಿಯನ್ನು ಕಳಿಸಿ ನಾನು ಅಲ್ಲೇ ಕುರ್ಚಿ ಹಾಕಿ ಕೂತೆ.

ಮೊದಲ ದಿನದ ಮೊದಲ ಕೆಲಸ ಹಳೆಯದನ್ನು ಇಳಿಸುವುದು. ಇದರಲ್ಲೇ ಅಪಾಯ ಹೆಚ್ಚು ಎಂದು ನನಗೆ ಗೊತ್ತಿರಲಿಲ್ಲ. ಸಾಮಾನ್ಯವಾಗಿ ಎಸಿ ಬಿಚ್ಚುವಾಗ ಅದನ್ನು ಓಡಿಸುತ್ತಲೇ ಒಂದು ವಾಲ್ವ್ ಮುಚ್ಚಿ, ಗ್ಯಾಸ್ ಎಲ್ಲ ಹೊರಗಿನ ಪೆಟ್ಟಿಗೆಗೆ ಸೇರುವಂತೆ ಮಾಡಿ, ಆಮೇಲೆ ಇನ್ನೊಂದು ವಾಲ್ವ್ ಮುಚ್ಚುತ್ತಾರೆ. ಪಂಪ್ ಡೌನ್ ಎನ್ನುತ್ತಾರೆ. ನಮ್ಮದರಲ್ಲಿ ಹಾಗೆ ಮಾಡಲು ಅವರು ಒಪ್ಪಲಿಲ್ಲ. ಪೈಪಿನ ಗಾಳಿ ಪೂರ್ತಿ ತೆಗೆದಿಲ್ಲ. ಗ್ಯಾಸನ್ನು ಒತ್ತುವ ಕಂಪ್ರೆಸರಿನೊಳಗೆ ಗಾಳಿ ಮತ್ತು ಎಣ್ಣೆ ಸೇರಿ ಒತ್ತಡ ಏರಿದರೆ ಅದು ಒಡೆದು ಹಾರಬಹುದು. "ಡೀಸೆಲ್ ಇಂಜಿನ್ ಓಡೋದೇ ಹಾಗಲ್ವಾ? ಗಾಳಿ ಒತ್ತಿದ್ರೆ ಬಿಸಿ ಆಗುತ್ತೆ, ಎಣ್ಣೆ ಹತ್ತಿಕೊಳ್ಳುತ್ತೆ" ಎಂದರು. ಹಾಗಾಗಿ ಬೇರೊಂದು ಯಂತ್ರ ಹಚ್ಚಿ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡರು.

ಅದಕ್ಕೆ ಮೊದಲು ಆಯಿಯ ಹತ್ತಿರ ಹೋಗಿ ನಿಂತರು. ಪಕ್ಕದ ಕೋಣೆಯಲ್ಲಿ ದೇವರ ದೀಪ ಉರಿಯುತ್ತಿತ್ತು. ಈಗಿನ ಎಸಿಗಳಲ್ಲಿ ಜಾಸ್ತಿ ಇರುವುದು ಆರ್-32 ಗ್ಯಾಸ್. ಅಡುಗೆ ಗ್ಯಾಸಿನಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಸೋರಿ ತುಂಬಿಕೊಂಡರೆ, ಬೆಂಕಿ ಸಿಕ್ಕರೆ, ಹೊತ್ತಿಕೊಳ್ಳಬಹುದು. ಗಾಳಿಗಿಂತ ಭಾರವಾದ್ದರಿಂದ ನೆಲದ ಹತ್ತಿರವೇ ಸೇರುತ್ತದೆ.

"ಆಯಿ, ಒಂದು ತಾಸು ದೀಪ ಶಾಂತ ಮಾಡ್ಬೇಕಿತ್ತು" ಎಂದರು.

ಆಯಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ದೀಪ ಆರಿಸಿ ಎಂದಿದ್ದರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಶಾಂತ ಮಾಡಿ ಎಂದದ್ದಕ್ಕೆ ಒಪ್ಪಿದಳು. ಒಲೆಯೂ ಬಂದ್. ಕಿಟಕಿ, ಬಾಗಿಲು ಎಲ್ಲ ತೆರೆದಿಟ್ಟೆವು. ಚಹಾ ಪಕ್ಕದ ಮನೆಯಿಂದ ಬಂತು.

ಮೇನ್ ಸ್ವಿಚ್ ಇಳಿಸಿದ ಮೇಲೆಯೇ ಪೆಟ್ಟಿಗೆಗೆ ಕೈ ಹಾಕಿದ್ದು. ಹೊರಗಿನ ಘಟಕದ ಮುಚ್ಚಳ ತೆಗೆದ ಕೂಡಲೇ ಸಹಾಯಕ್ಕೆ ಬಂದ ಹುಡುಗ ಕೈ ಚಾಚಿದ. "ತಮ್ಮಾ, ನಿಲ್ಲು!" ಎಂದು ಗದರಿದರು. ಕರೆಂಟ್ ತೆಗೆದರೂ ಒಳಗಿನ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಹತ್ತು ನಿಮಿಷ ಕಾದು, ಮೀಟರ್ ಹಿಡಿದು ನೋಡಿ, ಆಮೇಲೆ ಮುಂದುವರಿದರು.

ಇನ್ನು ಗೋಡೆಯ ವಿಷಯ. ಅರ್ಧ ದಿನ ತಿಂದದ್ದು ಇದೇ.

ನಮ್ಮ ಕಡೆಯ ಚಿರೆಕಲ್ಲು ವಿಚಿತ್ರ ಕಲ್ಲು. ನೆಲದಿಂದ ಕಡಿಯುವಾಗ ಮೆದು, ಗಾಳಿ ಬಿಸಿಲಿಗೆ ಬಿಟ್ಟರೆ ಗಟ್ಟಿ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದ. ಆದರೆ ಇಟ್ಟಿಗೆಯ ಹಾಗೆ ಒಂದೇ ಸಮ ಇರುವುದಿಲ್ಲ. ಒಳಗೆಲ್ಲ ತೂತು, ಸಂದು. ಮಧ್ಯೆ ಮಧ್ಯೆ ಜೇಡಿಯಂಥ ಮೆದು ಭಾಗ. ಮೇಲಿನಿಂದ ಬರುವ ಭಾರವನ್ನು ಅದು ಚೆನ್ನಾಗಿಯೇ ಹೊರುತ್ತದೆ. ಅದರಲ್ಲಿ ಒಂದು ಸ್ಕ್ರೂ ಕೂರಿಸಿ ಈಚೆ ಎಳೆದರೆ ಮಾತ್ರ ಪುಡಿಯಾಗಿ ಬರುತ್ತದೆ. ಎಸಿಯ ಜೊತೆ ಬರುವ ಪುಟ್ಟ ಪ್ಲಾಸ್ಟಿಕ್ ಗಿಟ್ಟಿಗಳು ಕಾಂಕ್ರೀಟಿಗೆ, ಗಟ್ಟಿ ಇಟ್ಟಿಗೆಗೆ ಸರಿ. ಹುಡುಗರು ಅವನ್ನೇ ಹೊಡೆದಿದ್ದರು. ಅದೂ ಹ್ಯಾಮರ್ ಡ್ರಿಲ್ಲಿನಿಂದ. ಕುಟ್ಟುವ ಡ್ರಿಲ್ ಚಿರೆಕಲ್ಲಿಗೆ ತಾಗಿದರೆ 8 ಮಿಲಿಮೀಟರ್ ತೂತು ನೋಡನೋಡುತ್ತಲೇ 12 ಆಗುತ್ತದೆ. ಗಿಟ್ಟಿ ಒಳಗೆ ಸುಮ್ನೆ ತಿರುಗುತ್ತಿರುತ್ತದೆ. ಎಂಟು ಸ್ಕ್ರೂಗಳಲ್ಲಿ ಮೂರನ್ನು ಮೆಕ್ಯಾನಿಕ್ ಬೆರಳಿನಿಂದಲೇ ಎಳೆದು ತೆಗೆದರು.

"ತೂಕ ಕೆಳಗೆ ಎಳೆಯುತ್ತೆ ಅಂತ ಎಲ್ರೂ ಅಂದ್ಕೊಳ್ತಾರೆ ಅಕ್ಕೋರೆ. ನಿಜವಾಗಿ ಮೇಲಿನ ಸಾಲು ಈಚೆಗೆ ಕಿತ್ತು ಬರೋದು. ಪೆಟ್ಟಿಗೆ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿರುತ್ತಲ್ಲ." ಬಾಗಿಲ ಮೇಲಿನ ಬಿಜಾಗರಿ ಯಾಕೆ ಮೊದಲು ಸಡಿಲ ಆಗುತ್ತದೆ ಎಂದು ಆಗ ಅರ್ಥವಾಯಿತು.

ಜಾಗ ಬದಲಿಸಿದೆವು. ಮಂಚದ ಮೇಲೆ ಬೇಡ ಎಂದು ನಾನೂ ಹೇಳಿದೆ, ಅವರೂ ಹೇಳಿದರು. ಪೂರ್ವದ ಗೋಡೆ ಆರಿಸಿದರು. ಅಟ್ಟದ ಹಲಗೆಯಿಂದ 15 ಸೆಂಟಿಮೀಟರ್ ಕೆಳಗೆ, ಏಕೆಂದರೆ ಗಾಳಿ ಎಳೆದುಕೊಳ್ಳುವುದು ಮೇಲಿನಿಂದ. ಪಕ್ಕಗಳಲ್ಲೂ ಅಷ್ಟೇ ಜಾಗ. ನೆಲದಿಂದ ಏಳೂವರೆ ಅಡಿ ಎತ್ತರ. ತಟ್ಟಿ ತಟ್ಟಿ ಗಟ್ಟಿ ಕಲ್ಲುಗಳ ಮಧ್ಯಭಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದರು. ಕಲ್ಲು ಕಲ್ಲಿನ ನಡುವಿನ ಮಣ್ಣಿನ ಸಂದನ್ನು ಬಿಟ್ಟರು. ಚಾಕ್‌ಪೀಸ್ ನನ್ನದು. ಅಷ್ಟಾದರೂ ನನ್ನ ಪಾಲು ಇರಲಿ. ವೈರಿಂಗ್ ಗೋಡೆಯ ಮೇಲೇ ಪಟ್ಟಿಯಲ್ಲಿ ಓಡಿದ್ದರಿಂದ ಒಳಗೆ ಅಡಗಿದ ತಂತಿಗೆ ಡ್ರಿಲ್ ತಾಗುವ ಭಯ ಇರಲಿಲ್ಲ. ಹೊಸ ಮನೆಗಳಲ್ಲಿ ಅದನ್ನು ಮೊದಲು ಹುಡುಕಬೇಕು.

ಡ್ರಿಲ್ಲಿನ ಕುಟ್ಟುವ ಗುಂಡಿ ಆಫ್ ಮಾಡಿ, ಬರೀ ತಿರುಗಿಸಿ ತೂತು ಕೊರೆದರು. ಒಂದೊಂದೂ ನಾಲ್ಕು ಇಂಚು ಆಳ. ಸೈಕಲ್ ಪಂಪಿನಿಂದ ಪುಡಿ ಊದಿದರು, ಬ್ರಷ್ ಹಾಕಿದರು, ಮತ್ತೆ ಊದಿದರು. ಪುಡಿ ಉಳಿದರೆ ಅಂಟು ಪುಡಿಗೆ ಹಿಡಿಯುತ್ತದೆ, ಕಲ್ಲಿಗೆ ಹಿಡಿಯುವುದಿಲ್ಲ. ಆಮೇಲೆ ಜಾಲರಿಯ ಕೊಳವೆ ತೂರಿಸಿ, ಅದರೊಳಗೆ ಗನ್ನಿನಿಂದ ಅಂಟು ತುಂಬಿ, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಒತ್ತಿದರು. ಕೆಮಿಕಲ್ ಆಂಕರ್ ಎನ್ನುತ್ತಾರೆ. ಅಂಟು ಜಾಲರಿಯಿಂದ ಹೊರಬಂದು ಕಲ್ಲಿನ ತೂತುಗಳಲ್ಲಿ ಬೇರು ಬಿಟ್ಟ ಹಾಗೆ ಹಿಡಿದುಕೊಳ್ಳುತ್ತದೆ. ಚಿರೆಕಲ್ಲಿನ ದೋಷವೇ ಇಲ್ಲಿ ಗುಣ ಆಯಿತು. ಮೇಲಿನ ಸಾಲಿಗೆ ನಾಲ್ಕು, ಕೆಳಗೆ ಎರಡು. ರಾತ್ರಿಯಿಡೀ ಗಟ್ಟಿಯಾಗಲು ಬಿಟ್ಟರು.

ಆ ಸಂಜೆ ದೊಡ್ಡ ತೂತನ್ನೂ ಕೊರೆದರು. 65 ಮಿಲಿಮೀಟರಿನ ಕೋರ್ ಕಟರ್. ಒಳಗಿನಿಂದ ಅರ್ಧ, ಹೊರಗಿನಿಂದ ಅರ್ಧ. ಒಂದೇ ಕಡೆಯಿಂದ ನೂಕಿದರೆ ಆಚೆ ಬದಿಯ ಕಲ್ಲು ಚಕ್ಕೆಯಾಗಿ ಕಿತ್ತುಬೀಳುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ. ಆದರೂ ಮೂವರೂ ಕೆಂಪಾದೆವು. ತೂತಿಗೆ ಪಿವಿಸಿ ಪೈಪಿನ ತುಂಡು ತೂರಿಸಿ ಸುತ್ತ ಗಾರೆ ಮೆತ್ತಿದರು. ಪೈಪಿಗೆ ಪೆನ್ಸಿಲ್ ಇಟ್ಟೆ. ಹೊರಗೆ ಉರುಳಿ ಹಿತ್ತಲಿಗೆ ಬಿತ್ತು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ನೇತುಹಾಕುವ ಕಬ್ಬಿಣದ ತಟ್ಟೆ ಕೂರಿಸಿ, ರಸಮಟ್ಟ ಇಟ್ಟು, ನಟ್ ಬಿಗಿದರು. ಆಮೇಲೆ ಏಣಿ ಹತ್ತಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ಜೋತುಬಿದ್ದರು. ಏಣಿಯ ಬುಡ ಹುಡುಗ ಹಿಡಿದಿದ್ದ. ನಾನು ಉಸಿರು ಬಿಗಿಹಿಡಿದಿದ್ದೆ. ತಟ್ಟೆ ಅಲುಗಲಿಲ್ಲ. "ಇನ್ನು ಪೆಟ್ಟಿಗೆ ಯಾವ ಲೆಕ್ಕ!" ಎಂದರು.

ತಾಮ್ರದ ಪೈಪಿನ ಕೆಲಸ ನೋಡಲು ಚೆಂದ. ಒಂದೂವರೆ ಟನ್ನಿನ ನಮ್ಮ ಯಂತ್ರಕ್ಕೆ ಕಾಲು ಇಂಚಿನದೊಂದು, ಅರ್ಧ ಇಂಚಿನದೊಂದು. ಹಳೆಯ ತುದಿಗಳನ್ನು ಕತ್ತರಿಸಿ ತೆಗೆದರು. ಹಿಂದಿನವರು ಅರಳಿಸಿದ ಬಾಯಿ ಒಂದು ಕಡೆ ಸೀಳಿತ್ತು. ಹೊಸದಾಗಿ ಕತ್ತರಿಸಿದ ಮೇಲೆ ಒಳಗಿನ ಚೂಪು ಅಂಚನ್ನು ಹೆರೆಯುವಾಗ ಪೈಪಿನ ಬಾಯಿಯನ್ನು ಕೆಳಕ್ಕೆ ಹಿಡಿದಿದ್ದರು. ಚೂರು ಒಳಗೆ ಬಿದ್ದರೆ ಹೋಗಿ ಕಂಪ್ರೆಸರ್ ಕೆಡಿಸುತ್ತದೆ. ನಟ್ಟನ್ನು ಮೊದಲೇ ಪೈಪಿಗೆ ಏರಿಸಿ, ಆಮೇಲೆ ಬಾಯಿ ಅರಳಿಸಬೇಕು. ಹುಡುಗ ಒಮ್ಮೆ ಮರೆತ. ಮತ್ತೆ ಕತ್ತರಿಸಬೇಕಾಯಿತು. ಬಿಗಿಯಲು ಎರಡು ಸ್ಪ್ಯಾನರ್. ಒಂದು ಹಿಡಿದು ನಿಲ್ಲಲು, ಒಂದು ತಿರುಗಿಸಲು. ಇಷ್ಟೇ ಬಲ ಎಂದು ಟಕ್ ಎಂದು ಹೇಳುವ ಟಾರ್ಕ್ ಸ್ಪ್ಯಾನರ್ ಅವರ ಬಳಿ ಇತ್ತು. ಕಡಿಮೆಯಾದರೆ ಸೋರುತ್ತದೆ, ಜಾಸ್ತಿಯಾದರೆ ತಾಮ್ರ ಸೀಳುತ್ತದೆ.

ಆಮೇಲೆ ನೈಟ್ರೋಜನ್ ತುಂಬಿ ಅರ್ಧ ಗಂಟೆ ಬಿಟ್ಟರು. ಗೇಜಿನ ಮುಳ್ಳು ಕದಲಲಿಲ್ಲ. ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ಎಂದು ನೋಡಿದರು. ಕೆಲವರು ಈ ಪರೀಕ್ಷೆಗೆ ವೆಲ್ಡಿಂಗ್ ಅಂಗಡಿಯ ಆಮ್ಲಜನಕ ಬಳಸಲು ಹೋಗುತ್ತಾರಂತೆ. ಆಮ್ಲಜನಕ, ಎಣ್ಣೆ, ಒತ್ತಡ ಮೂರೂ ಸೇರಿದರೆ ಸ್ಫೋಟ. ಇದನ್ನು ಹೇಳುವಾಗ ಅವರ ದನಿ ಬೇರೆಯೇ ಆಯಿತು. ಏನೋ ನೋಡಿದ್ದಾರೆ ಎನಿಸಿತು. ಕೇಳಲಿಲ್ಲ.

ಕೊನೆಗೆ ಪಂಪ್. ಹುಡುಗರು ಬಿಟ್ಟದ್ದು ಇದನ್ನೇ. ಪೈಪಿನೊಳಗಿನ ಗಾಳಿಯನ್ನು ಪೂರ್ತಿ ಎಳೆದು ತೆಗೆಯಬೇಕು. ಗಾಳಿಗಿಂತ ಮುಖ್ಯವಾಗಿ ಅದರ ಜೊತೆಗಿನ ತೇವವನ್ನು. ಒಳಗೆ ನೀರು ಉಳಿದರೆ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಒಳಗಿನಿಂದಲೇ ತಿನ್ನುತ್ತದೆ. ನೀರು ಕುದಿಯಲು ಬಿಸಿಯೇ ಬೇಕೆಂದಿಲ್ಲ, ಒತ್ತಡ ಸಾಕಷ್ಟು ಇಳಿದರೆ ಕೋಣೆಯ ಬಿಸಿಗೇ ಕುದಿದು ಆವಿಯಾಗುತ್ತದೆ. ಪಂಪು ಅದನ್ನು ಎಳೆದು ಹಾಕುತ್ತದೆ. ಇದು ನನ್ನ ಒಂಬತ್ತನೆಯ ತರಗತಿಯ ಪಾಠ, ನನ್ನ ಮಲಗುವ ಕೋಣೆಯಲ್ಲಿ ನಡೆಯುತ್ತಿತ್ತು. ಮೀಟರಿನಲ್ಲಿ 500 ಮೈಕ್ರಾನಿಗಿಂತ (ಇಲ್ಲಿ ಅದು ಒತ್ತಡದ ಅಳತೆ) ಕೆಳಗೆ ಬರಬೇಕು ಎಂದರು. 35 ನಿಮಿಷ ಹಿಡಿಯಿತು. ಪಂಪ್ ನಿಲ್ಲಿಸಿ ಮತ್ತೆ 15 ನಿಮಿಷ ಕಾದೆವು. ಸಂಖ್ಯೆ ಸ್ವಲ್ಪ ಏರಿ ನಿಂತಿತು. ನಿಲ್ಲದೆ ಏರುತ್ತಾ ಹೋದರೆ ಸೋರಿಕೆ ಇದೆ ಎಂದು ಲೆಕ್ಕ. ಹಳೆಯ ಗ್ಯಾಸನ್ನು ಮತ್ತೆ ಹಾಕಲಿಲ್ಲ. ಯಂತ್ರದ ಚೀಟಿಯ ಮೇಲೆ ಬರೆದಷ್ಟೇ ಹೊಸ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಿದರು.

ಹೊರಗಿನ ಘಟಕ ಮೊದಲು ಪಶ್ಚಿಮದ ಗೋಡೆಗೆ, ಸಮುದ್ರಕ್ಕೆ ಮುಖ ಮಾಡಿ, ಬಣ್ಣ ಬಳಿದ ಕಬ್ಬಿಣದ ಬ್ರ್ಯಾಕೆಟ್ ಮೇಲೆ ಕೂತಿತ್ತು. ಮೂರೇ ವಾರದಲ್ಲಿ ನಟ್ಟುಗಳಿಂದ ತುಕ್ಕಿನ ನೀರು ಇಳಿದಿತ್ತು. 35 ಕೆ.ಜಿ.ಯನ್ನು ಮತ್ತೆ ಚಿರೆಕಲ್ಲಿಗೆ ನೇತುಹಾಕಲು ಇಬ್ಬರಿಗೂ ಮನಸ್ಸಿರಲಿಲ್ಲ. ಪೂರ್ವದ ಹಿತ್ತಲಲ್ಲಿ ಒಂದೂವರೆ ಅಡಿ ಎತ್ತರದ ಕಾಂಕ್ರೀಟ್ ಕಟ್ಟೆ ಮೊದಲೇ ಕಟ್ಟಿಸಿದ್ದೆ. ಮಳೆಗಾಲದಲ್ಲಿ ಅಂಗಳದಲ್ಲಿ ನಿಲ್ಲುವ ನೀರಿಗಿಂತ ಎತ್ತರ. ಅದರ ಮೇಲೆ ರಬ್ಬರ್ ಇಟ್ಟು ಸ್ಟೇನ್‌ಲೆಸ್ ಬೋಲ್ಟಿನಲ್ಲಿ ಬಿಗಿದರು. ತಿಂಗಳಿಗೊಮ್ಮೆ, ಸ್ವಿಚ್ ತೆಗೆದು, ಸಿಹಿನೀರಿನಿಂದ ಮೆಲ್ಲಗೆ ತೊಳೆಯಿರಿ ಎಂದರು. ಉಪ್ಪು ಕೂತರೆ ಅಲ್ಯೂಮಿನಿಯಂ ರೆಕ್ಕೆಗಳು ಪುಡಿಯಾಗುತ್ತವೆ.

ಕರೆಂಟಿನ ಕೆಲಸಕ್ಕೆ ಲೈಸೆನ್ಸ್ ಇರುವ ಬೇರೆ ಎಲೆಕ್ಟ್ರಿಷಿಯನ್ ಬಂದರು. ಬೋರ್ಡಿನಿಂದ ನೇರ 4 ಚದರ ಮಿಲಿಮೀಟರಿನ ತಾಮ್ರದ ವೈರ್, ಎಸಿಗೇ ಪ್ರತ್ಯೇಕ 20 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಇಳಿಯುವ ಸ್ವಿಚ್), ಇಡೀ ಮನೆಗೆ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಹೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಲು ಅರ್ಜಿ ಕೊಟ್ಟೆ. ಹೊಸ ಅರ್ಥ್ ಗುಂಡಿಗೆ ಇದ್ದಿಲು ಮತ್ತು ಉಪ್ಪು ಬೇಕೆಂದರು. ಆಯಿ ಒಳಗಿನಿಂದ ಸಾಣಿಕಟ್ಟಾ ಉಪ್ಪಿನ ಚೀಲ ತಂದುಕೊಟ್ಟಳು, ಉಪ್ಪಿನಕಾಯಿಗೆ ಇಟ್ಟದ್ದು. ಈಗ ಮೀಟರ್ 2 ವೋಲ್ಟಿಗಿಂತ ಕಡಿಮೆ ತೋರಿಸಿತು. "ಬೇಸಿಗೇಲಿ ಗುಂಡಿಗೆ ನೀರು ಹಾಕ್ತಾ ಇರಿ, ನಮ್ಮ ಕೆಂಪು ನೆಲ ಒಣಗಿದ್ರೆ ಅರ್ಥ್ ಹಿಡಿಯಲ್ಲ" ಎಂದರು.

ಪೈಪುಗಳನ್ನು ತೂತಿನಿಂದ ತರುವಾಗ ನೀರಿನ ಪೈಪ್ ಎಲ್ಲಕ್ಕಿಂತ ಕೆಳಗೆ ಬರುವಂತೆ ಕಟ್ಟಿದರು. ಎಲ್ಲೂ ಏರಿ ಇಳಿಯದ ಹಾಗೆ. ತುದಿ ಬಕೆಟಿನ ನೀರಿನಲ್ಲಿ ಮುಳುಗಬಾರದು, ಗಾಳಿ ಕಟ್ಟಿ ನೀರು ನಿಲ್ಲುತ್ತದೆ. ತೂತಿನ ಸುತ್ತ ಪುಟ್ಟಿ ಮೆತ್ತಿದರು. ಹಲ್ಲಿ, ಇರುವೆ, ಇಲಿ ಮೂವರಿಗೂ ನಮ್ಮ ಮನೆ ಬಹಳ ಇಷ್ಟ. ಎಸಿ ಹಚ್ಚುವ ಮೊದಲು ಒಂದು ತಂಬಿಗೆ ನೀರನ್ನು ನಿಧಾನಕ್ಕೆ ಒಳಗಿನ ತಟ್ಟೆಗೆ ಹೊಯ್ದರು. ನಾನು ಹಿತ್ತಲಿಗೆ ಓಡಿದೆ. ಪೈಪಿನ ತುದಿಯಿಂದ ನೀರು ಬಂತು. ಹುಡುಗರು ಈ ಒಂದು ತಂಬಿಗೆ ನೀರು ಹೊಯ್ದು ನೋಡಿದ್ದರೆ ತೂತಿನ ವಿಷಯ ಆ ದಿನವೇ ಗೊತ್ತಾಗುತ್ತಿತ್ತು.

ಹೋಗುವಾಗ ಒಂದು ಮಾತು ಹೇಳಿದರು. "ಈ ಕೋಣೆಗೆ ಒಂದು ಟನ್ ಸಾಕಿತ್ತು. ಯಾರು ಒಂದೂವರೆ ಅಂದ್ರು?" ದೊಡ್ಡ ಯಂತ್ರ ಕೋಣೆಯನ್ನು ಬೇಗ ತಣ್ಣಗೆ ಮಾಡಿ ನಿಧಾನವಾಗುತ್ತದೆ, ಗಾಳಿಯ ತೇವ ಪೂರ್ತಿ ತೆಗೆಯುವುದಿಲ್ಲ. ನಮ್ಮ ಊರಿನಲ್ಲಿ ಬೇಕಾದದ್ದು ತಂಪಿಗಿಂತ ಒಣಗಾಳಿ. ಕೊಂಡಾಗಿತ್ತಲ್ಲ, ಸುಮ್ಮನಾದೆ. ಆ ರಾತ್ರಿ 27ಕ್ಕೆ ಇಟ್ಟು, ಜೊತೆಗೆ ಫ್ಯಾನ್ ಒಂದರಲ್ಲಿ ತಿರುಗಿಸಿ ಮಲಗಿದೆವು. ಹೊಸ ಎಸಿಗಳು ಆನ್ ಮಾಡಿದಾಗ 24ಕ್ಕೆ ನಿಲ್ಲಬೇಕು ಎಂಬ ನಿಯಮ 2020ರಿಂದ ಇದೆ. ಆಯಿಗೆ ಅದೂ ಚಳಿ.

ಬೆಳಿಗ್ಗೆ ನೋಡಿದರೆ ಬಕೆಟಿನಲ್ಲಿ ಒಂಬತ್ತು ಲೀಟರ್ ನೀರು. ಒಂದು ಕೋಣೆಯ ಗಾಳಿಯಲ್ಲಿ ಇಷ್ಟು ನೀರು ಇತ್ತಾ ಎಂದು ಆಯಿಗೆ ಆಶ್ಚರ್ಯ. ಕುಡಿಯಲು ಬೇಡ ಎಂದೆ. ಅವಳೇ ಒಂದು ದಾರಿ ಹುಡುಕಿದಳು. ಎದ್ದ ಕೂಡಲೇ ಬಕೆಟ್ ಎತ್ತಿ ಅರ್ಥ್ ಗುಂಡಿಗೆ ಹೊಯ್ಯುವುದು. ದಿನಾ ಅಳತೆ. "ನಿನ್ನೆಗಿಂತ ಒಂದು ತಂಬಿಗೆ ಕಡಿಮೆ" ಎಂದು ನನಗೆ ವರದಿ. ತುಳಸಿಗೆ ಮಾತ್ರ ಬಾವಿಯ ನೀರೇ.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಎಸಿಯ ಎಂಸಿಬಿ ಇಳಿಸಿ, ಬಕೆಟ್ ಬೋರಲು ಹಾಕಿದೆವು. ಮೂರನೆಯ ರಾತ್ರಿ ಆಯಿ ಮತ್ತೆ ಎಬ್ಬಿಸಿದಳು. ನಾನು ಎದ್ದವಳೇ ಪೂರ್ವದ ಗೋಡೆಗೆ ಟಾರ್ಚ್ ಬಿಟ್ಟೆ. ಪೆಟ್ಟಿಗೆ ಇದ್ದಲ್ಲೇ ಇತ್ತು, ಗೋಡೆ ಒಣಗಿತ್ತು.

"ಅಲ್ಲಿ ಎಂತ ನೋಡ್ತೀಯೆ, ಮೇಲೆ ನೋಡು" ಎಂದಳು ಆಯಿ. ಈ ಸಲ ಹಂಚೇ ಸೋರುತ್ತಿತ್ತು.